ಅಕ್ಕಿ ಹೆಚ್ಚಾಗ್ಯಾವ

ಗದಗಿನ ನಮ್ಮ ಸರಕಾರಿ ಕಚೇರಿಗೆ ಕಂಪ್ಯೂಟರ್ ಬಂದದ್ದು ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದ ಆರಂಭದಲ್ಲಿ. ಅದನ್ನು ಇಡಲು ಸಿಕ್ಕ ಜಾಗ ಹಿಂದೆ ಅರಳೆ ಗೋದಾಮಾಗಿತ್ತು. ಸುಣ್ಣ ಬಳಿದಿದ್ದರೂ ತೊಲೆಯ ಸಂದಿಯಿಂದ ಅರಳೆಯ ಎಳೆ ಉದುರುತ್ತಲೇ ಇತ್ತು. ಫ್ಲಾಪಿ ತೂರಿಸುವ ಸೀಳಿನಲ್ಲಿ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಯಂತ್ರ ಓದುವುದನ್ನು ನಿಲ್ಲಿಸಿಬಿಡುತ್ತಿತ್ತು. ಹಾಗಾಗಿ ಬೆಳಿಗ್ಗೆ ನನ್ನ ಮೊದಲ ಕೆಲಸ ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು, ಆಮೇಲೆ ಕುಂಚದಿಂದ ಆ ಸೀಳನ್ನು ಝಾಡಿಸುವುದು.

ನಾನು ಅಲ್ಲಿ ಟೈಪಿಸ್ಟ್. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತು ದೊಡ್ಡವನಾಗಿ, ಆಮೇಲೆ ಅಕ್ಷರ ಕಲಿತವನು. ಟೈಪಿಂಗ್ ಪರೀಕ್ಷೆ ಪಾಸಾಗಿದ್ದರೂ ಬೆರಳು ಓಡುತ್ತಿರಲಿಲ್ಲ. ಅಕ್ಷರ ಹುಡುಕಿ, ಒತ್ತಿ, ಅದು ಪರದೆಯ ಮೇಲೆ ಬಂತೋ ಇಲ್ಲವೋ ನೋಡಿ ಮುಂದಿನದಕ್ಕೆ ಹೋಗುತ್ತಿದ್ದೆ. ನಿಧಾನವಾದರೂ ತಪ್ಪು ಕಡಿಮೆ ಎಂದು ನನ್ನನ್ನು ಈ ಕೆಲಸಕ್ಕೆ ಹಾಕಿದರು.

ಕೋಣೆಯಲ್ಲಿ ಇನ್ನಿಬ್ಬರು ಇದ್ದರು. ವೈರ್‌ಲೆಸ್ ಸೆಟ್ಟಿನ ಮುಂದೆ ಸೈನ್ಯದಿಂದ ನಿವೃತ್ತರಾಗಿ ಬಂದ ಸುಭೇದಾರರು, ಲಕ್ಷ್ಮೇಶ್ವರದ ಮುಸಲ್ಮಾನ ಮನೆತನದವರು. ಇನ್ನೊಬ್ಬರು ಪ್ರೋಗ್ರಾಂ ಬರೆದ ಇಂಜಿನಿಯರು, ಮೈಸೂರು ಕಡೆಯ ಹೆಣ್ಣುಮಗಳು. ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ಅವರನ್ನು ನಾವು ಅಕ್ಕಾರು ಎನ್ನುತ್ತಿದ್ದೆವು.

ಆ ಪ್ರೋಗ್ರಾಂ ಮೊದಲು ಸೈನ್ಯದ ಠಾಣೆಗಳಿಗೆ ಸಾಮಾನು ಹಂಚುವ ಲೆಕ್ಕಕ್ಕೆಂದು ಬರೆದದ್ದು. ನೆರೆ ಬಂದಾಗ, ಬೆಂಕಿ ಬಿದ್ದಾಗ ಊರುಗಳಿಗೂ ಅದು ಒದಗೀತೇ ಎಂದು ನೋಡಲು ನಮ್ಮಲ್ಲಿಗೆ ತಂದಿದ್ದರು. ಮೊದಲ ದಿನ ಅಕ್ಕಾರು ನಮಗೆ ವಿವರಿಸಿದರು.

"ಪ್ರತಿ ಊರಿಗೂ ಇದರೊಳಗೆ ಒಬ್ಬ ಏಜೆಂಟ್ ಇದ್ದಾನೆ ಅಂದ್ಕೊಳ್ಳಿ. ತನ್ನ ಊರಿಗೆ ಏನು ಬೇಕು ಅಂತ ಅವನೇ ಯೋಚಿಸ್ತಾನೆ. ಬೇರೆ ಊರಿನ ಏಜೆಂಟರ ಹತ್ತಿರ ಕೇಳ್ತಾನೆ, ಚೌಕಾಸಿ ಮಾಡ್ತಾನೆ. ಕೊನೆಗೆ ಲಾರಿ ಎಲ್ಲಿಗೆ ಹೋಗಬೇಕು ಅಂತ ಎಲ್ಲರೂ ಸೇರಿ ಒಪ್ಕೋತಾರೆ."

ಸುಭೇದಾರರು ಯಂತ್ರದ ಹಿಂದೆ ಒಮ್ಮೆ ಬಗ್ಗಿ ನೋಡಿದರು.

"ಅಂದ್ರ ಅಡತಿ ಅಂಗಡಿ ದಲಾಲ್ರನ್ನೆಲ್ಲಾ ಹಿಡದು ಒಂದ ಡಬ್ಬಿಯೊಳಗ ಕುಂಡ್ರಿಸೀರಿ ಅನ್ರಿ."

"ಇವರು ದಲಾಲಿ ತಗೊಳ್ಳಲ್ಲ, ಸುಭೇದಾರ್ರೇ."

"ಅಷ್ಟ ಫರಕು. ಉಳದದ್ದೆಲ್ಲಾ ಅದ."

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಮೂರೂ ಕಡೆ ಒಂದೊಂದು ವೈರ್‌ಲೆಸ್ ಸೆಟ್ ಕೊಟ್ಟಿದ್ದರು. ಅಲ್ಲಿಯವರು ಹೇಳಿದ್ದನ್ನು ಸುಭೇದಾರರು ಕೇಳಿ ನನಗೆ ಹೇಳಬೇಕು, ನಾನು ಯಂತ್ರಕ್ಕೆ ತಿಳಿಸಬೇಕು. ಮೊದಲ ತೊಂದರೆ ಬಂದದ್ದು ನನ್ನ ಬೆರಳಿನಿಂದ. ಇಂಗ್ಲಿಷಿನಲ್ಲಿ ಲಕ್ಷ್ಮೇಶ್ವರ ಎಂದು ಹೊಡೆಯುವಾಗ ಒಮ್ಮೆ ಒಂದು ಎಚ್ ಹೆಚ್ಚು, ಒಮ್ಮೆ ಒಂದು ಎಚ್ ಕಡಿಮೆ ಆಗುತ್ತಿತ್ತು. ಯಂತ್ರ ಎರಡು ಲಕ್ಷ್ಮೇಶ್ವರಗಳಿವೆ ಎಂದು ತಿಳಿದು ಎರಡಕ್ಕೂ ಅಕ್ಕಿ ಕೇಳಿತು. ಸುಭೇದಾರರು ತಮ್ಮ ಊರು ಬೆಳೆಯಿತೆಂದು ಖುಷಿಪಟ್ಟರು. ಅಕ್ಕಾರು ಊರಿನ ಹೆಸರುಗಳನ್ನು ಮೂರಕ್ಷರಕ್ಕೆ ಇಳಿಸಿದರು.

ಎರಡನೆಯ ತೊಂದರೆ ಸದ್ದು. ಮೋಡ ಕವಿದ ದಿನ ವೈರ್‌ಲೆಸ್ಸಿನಲ್ಲಿ ಉದ್ದದ ಮಾತು ತಿಳಿಯುತ್ತಿರಲಿಲ್ಲ. ಅದಕ್ಕೆ ಮೂವರೂ ಕೂತು ನಾಲ್ಕೇ ಮಾತು ಆರಿಸಿದೆವು. ಯಾವ ಸಾಮಾನಿನ ಬಗ್ಗೆಯೇ ಆಗಲಿ, ಅಲ್ಲಿಯವರು ಸಾಕು, ಕಡಿಮಿ, ಹೆಚ್ಚು, ಇಲ್ಲ ಎಂಬುದರಲ್ಲಿ ಒಂದನ್ನು ಕೂಗಿ ಹೇಳಬೇಕು. ಹೇಗೆ ಕೂಗಿದರೂ ಒಂದರ ಹಾಗೆ ಇನ್ನೊಂದು ಕೇಳಿಸದ ಮಾತುಗಳು ಅವು. ನಾನು ಪ್ರತಿಯೊಂದಕ್ಕೂ ಒಂದೇ ಅಕ್ಷರ ಒತ್ತಿದರೆ ಮುಗಿಯಿತು. ಬಿಸಿಲಿದ್ದ ಒಂದು ದಿನ ಮೂರೂ ಊರಿನೊಂದಿಗೆ ತಾಲೀಮು ನಡೆಸಿದೆವು. ಏನೂ ತಪ್ಪಲಿಲ್ಲ. ಆ ದಿನ ಉತ್ತರ ಕೊಟ್ಟವರು ಆಯಾ ಊರಿನ ಗುಮಾಸ್ತರು. ಅವರ ಮುಂದೆ ಇದ್ದದ್ದು ಖಾಲಿ ಕೋಣೆ, ಕೈಯಲ್ಲಿ ಚಹಾ.

ಶ್ರಾವಣ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ತುಂಗಭದ್ರೆ ಏರಿ ಮುಂಡರಗಿ, ಶಿರಹಟ್ಟಿ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿತು. ಲಕ್ಷ್ಮೇಶ್ವರದಲ್ಲಿ ಹೊಳೆಯ ಕಾಟವಿರಲಿಲ್ಲ, ಆದರೆ ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿಯತೊಡಗಿದವು. ಮೂರೂ ಕಡೆ ಶಾಲೆಗಳಲ್ಲಿ ಜನರನ್ನು ಇಟ್ಟು ಊಟದ ವ್ಯವಸ್ಥೆ ಮಾಡಿದರು. ಮೇಲಿನ ಸಾಹೇಬರು ಉಳಿದ ಗಾಡಿಗಳನ್ನೆಲ್ಲ ಜನರನ್ನು ತರಲು ಇಟ್ಟುಕೊಂಡು, ಅಕ್ಕಿ ಸಾಗಿಸುವ ಒಂದು ಲಾರಿಯನ್ನು ಯಂತ್ರದ ಮಾತಿಗೆ ಬಿಟ್ಟರು. ಷರತ್ತು ಒಂದೇ. ಯಂತ್ರ ಹೇಳಿದ ಹಾಗೆ ಲಾರಿ ಹೋಗಬೇಕು. ಯಾರಾದರೂ ಕೈ ಹಾಕಿದರೆ ಪರೀಕ್ಷೆ ಅಲ್ಲಿಗೆ ಮುಗಿದ ಹಾಗೆ, ಯಂತ್ರವನ್ನು ವಾಪಸು ಕಳಿಸುವುದು. ಕೈ ಹಾಕುವ ಅಧಿಕಾರ ಅಕ್ಕಾರಿಗೆ ಮಾತ್ರ.

ಕರೆಂಟು ಹೋಗಿತ್ತು. ಮದುವೆಗಳಿಗೆ ಬಾಡಿಗೆ ಕೊಡುವ ಮೈಕ್‌ಸೆಟ್ ಅಂಗಡಿಯಿಂದ ಜನರೇಟರ್ ತಂದು ಕಿಟಕಿಯ ಹೊರಗೆ ಇಟ್ಟಿದ್ದೆವು. ಪಕ್ಕದ ಆವರಣದಲ್ಲಿ ಹಮಾಲರು ಲಾರಿಗೆ ಚೀಲ ಹೇರುತ್ತಿದ್ದರು. ಎಣಿಸುತ್ತಿದ್ದವನು "ಲಾಭ, ಎರಡ, ಮೂರ" ಎಂದು ಕೂಗುವುದು ಒಳಗೆ ಕೇಳಿಸುತ್ತಿತ್ತು.

"ಒಂದು ಎಲ್ಲಿ ಹೋಯ್ತು?" ಎಂದರು ಅಕ್ಕಾರು.

"ಕಾಳು ಅಳಿಯೋವಾಗ ಒಂದು ಅನ್ನೋದಿಲ್ರಿ ಅಕ್ಕಾರ. ಲಾಭ ಅಂತೀವಿ," ಎಂದೆ.

ಅವರು ನಕ್ಕು ಪರದೆಯ ಕಡೆ ತಿರುಗಿದರು. ನಾನೂ ತಿರುಗಿದೆ.

ಬೆಳಗಿನ ಖಬರು ಒಂದೊಂದಾಗಿ ಬಂತು. ಶಿರಹಟ್ಟಿಯಲ್ಲಿ ಅಕ್ಕಿ ಸಾಕು. ಲಕ್ಷ್ಮೇಶ್ವರದಲ್ಲಿ ಅಕ್ಕಿ ಕಡಿಮಿ. ಮುಂಡರಗಿಯ ವೈರ್‌ಲೆಸ್ಸಿನಲ್ಲಿ ಒಬ್ಬ ಪೊಲೀಸ್ ಪೇದೆ ಇದ್ದ. ಅವನು ಸೆಟ್ಟನ್ನು ಶಾಲೆಯ ಅಡಿಗೆಮನೆಯ ಬಾಗಿಲಲ್ಲೇ ಇಟ್ಟುಕೊಂಡು, ಅಡಿಗೆಯ ಮುಖ್ಯಸ್ಥೆಯಾದ ಮುದುಕಿಯನ್ನು ಕೇಳಿ ಕೇಳಿ ಹೇಳುತ್ತಿದ್ದ. ಚಿಮಣಿ ಎಣ್ಣಿ ಇಲ್ಲ. ಕಟಿಗಿ ಕಡಿಮಿ. ಅಕ್ಕಿ ಹೆಚ್ಚು. ಉಪ್ಪು ಹೆಚ್ಚು. ಸುಭೇದಾರರು ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡರು. ನಾನು ಒಂದೊಂದನ್ನೂ ಹೊಡೆದು, ಕಣ್ಣಿಟ್ಟು ನೋಡಿ, ಒಳಗೆ ಕಳಿಸಿದೆ.

ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ ತನ್ನ ತೀರ್ಮಾನ ಬರೆಯಿತು. ಅಕ್ಕಿಯ ಲಾರಿ ಲಕ್ಷ್ಮೇಶ್ವರಕ್ಕೆ. ಶಿರಹಟ್ಟಿಯಲ್ಲಿದ್ದದ್ದು ತೀರಿದಾಗ ಅಲ್ಲಿಗೆ ಕಳಿಸಲು ಮುಂಡರಗಿಯವರು ತಮ್ಮಲ್ಲಿ ಹೆಚ್ಚಿರುವ ಚೀಲಗಳನ್ನು ತೆಗೆದಿಡಬೇಕು.

ಯಾಕೆ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಯಂತ್ರ ತನ್ನ ಕಾರಣ ಹೇಳುತ್ತಿತ್ತು. ಅದನ್ನು ಅಕ್ಕಾರು ನನಗೆ ಮೊದಲ ದಿನವೇ ಕಲಿಸಿದ್ದರು. ಮೂರಕ್ಷರದ ಮಾತು, ನನಗೆ ಸುಲಭ. ಹೊಡೆದೆ. ಮುಂಡರಗಿಯಲ್ಲಿ ಅಕ್ಕಿ ಹೆಚ್ಚಿದೆ, ಹಾಗೆಂದು ಮುಂಡರಗಿಯೇ ಹೇಳಿದೆ ಎಂದು ಬಂತು. ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ. ಲಾರಿ ಶಿರಹಟ್ಟಿಯ ದಾರಿ ಹಿಡಿದು ಲಕ್ಷ್ಮೇಶ್ವರಕ್ಕೆ ಹೊರಟಿತು.

ಆಮೇಲೆ ಸುಭೇದಾರರು ಮುಂಡರಗಿಯನ್ನು ಕರೆದರು.

"ಮುಂಡರಗಿ, ನಿಮ್ಮಲ್ಲಿ ಹೆಚ್ಚಿದ್ದ ಅಕ್ಕಿ ಚೀಲ ತಗದಿಡ್ರಿ. ಶಿರಹಟ್ಟಿಗೆ ಕಳಸೋದೈತಿ. ಓವರ್."

ಆಮೇಲೆ ಪೇದೆಯ ದನಿ.

"ಸಾಹೇಬ್ರ, ಆಯಿ ಬಯ್ಯಾಕತ್ತಾಳ್ರಿ. ಅದನ್ನ ನಾ ಹೇಳಂಗಿಲ್ಲ. ನೀವ ಕೇಳ್ರಿ."

ಅವನು ಗುಂಡಿ ಒತ್ತಿಹಿಡಿದು ಮೈಕನ್ನು ಒಳಗೆ ಚಾಚಿರಬೇಕು. ಮುದುಕಿಯ ದನಿ ಕೋಣೆಯನ್ನು ತುಂಬಿತು.

"ಯಾವನಲೇ ಅವ, ಗದಗಿನಾಗ ಕುಂತು ನನ್ನ ಹಂತ್ಯಾಕ ಅಕ್ಕಿ ಬೇಡಾಂವ? ಹೆಚ್ಚಾಗ್ಯಾವ ಅಂತ ಮುಂಜಾನೆ ಹೇಳಿಲ್ಲೇನು? ಬರೇ ಎಸರಿಟ್ಟು ಕುಂತೀನಿ. ಹುಡುಗ್ರು ತಾಟು ಹಿಡ್ಕೊಂಡು ನಿಂತಾವ. ಕೊಡಾಕ ಏನೈತಿ ನನ್ನ ಹಂತ್ಯಾಕ, ನನ್ನ ತಲಿ?"

ಅಕ್ಕಾರು ನಮ್ಮಿಬ್ಬರ ಮುಖ ನೋಡಿದರು.

"ಹೆಚ್ಚಾಗಿದೆ ಅಂತಾರೆ. ಕೊಡೋಕೆ ಏನೂ ಇಲ್ಲ ಅಂತಾರೆ. ಎರಡರಲ್ಲಿ ನಿಜ ಯಾವುದು?"

ಸುಭೇದಾರರು ಕಿವಿಯ ಮೇಲಿನ ಹೆಡ್‌ಫೋನನ್ನು ನಿಧಾನವಾಗಿ ತೆಗೆದರು.

"ನಮ್ಮ ಮನ್ಯಾಗ ಹಿಟ್ಟಿನ ಡಬ್ಬಿ ತಳಾ ಕಂಡ್ರ ನಮ್ಮಾಕಿ ಮುಗದೈತಿ ಅನ್ನಂಗಿಲ್ರಿ. ಬರಕತ್ ಆಗೇತಿ, ಅಂದ್ರ ಹೆಚ್ಚಾಗೇತಿ, ಅಂತಾಳ."

ಆಗ ನನಗೆ ನಮ್ಮ ಅವ್ವನ ಮಾತು ನೆನಪಾಯಿತು. ಬಳೆ ಒಡೆದರೆ ಅವಳು ಒಡೆಯಿತು ಎನ್ನುತ್ತಿರಲಿಲ್ಲ, ಬಳಿ ಹೆಚ್ಚಾತು ಎನ್ನುತ್ತಿದ್ದಳು. ದೀಪ ಆರಿದರೆ ಹೆಚ್ಚಾತು. ಅಕ್ಕಿ ಮುಗಿದರೆ ಹೆಚ್ಚಾತು.

"ಅಕ್ಕಾರ, ಎರಡೂ ಖರೆ ಐತ್ರಿ," ಎಂದೆ. "ಅಲ್ಲಿ ಅಕ್ಕಿ ಒಂದ ಕಾಳೂ ಇಲ್ಲ. ಒಲಿ ಮುಂದ ನಿಂತು ಅಕ್ಕಿ ಇಲ್ಲ ಅನ್ನಬಾರದು ಅಂತ ಹೆಚ್ಚಾಗ್ಯಾವ ಅಂದಾಳ."

"ಉಪ್ಪು?"

"ಉಪ್ಪೂ ಮುಗದೈತ್ರಿ."

"ಮತ್ತೆ ಸೀಮೆಎಣ್ಣೆಗೆ ಮಾತ್ರ ನೇರವಾಗಿ ಇಲ್ಲ ಅಂದ್ರಲ್ಲ?"

"ಚಿಮಣಿ ಎಣ್ಣಿಗಿ ಏನು ಅಂದ್ರೂ ನಡಿತೈತ್ರಿ. ಅದು ಅನ್ನ ಅಲ್ಲ."

ಆ ಮಾತು ಮೂವರ ಮನೆಯಲ್ಲೂ ಇದ್ದದ್ದೇ. ಅಕ್ಕಾರೂ ತಮ್ಮ ಅಜ್ಜಿ ಹಾಗೆ ಹೇಳುತ್ತಿದ್ದರೆಂದು ಆಮೇಲೆ ನೆನಪಿಸಿಕೊಂಡರು. ಆದರೆ ವೈರ್‌ಲೆಸ್ಸಿನಲ್ಲಿ, ನಾಲ್ಕು ಮಾತುಗಳಲ್ಲಿ ಒಂದಾಗಿ ಬಂದಾಗ ಅದು ನಮಗೆ ಮನೆಯ ಮಾತಾಗಿ ಕೇಳಿಸಲಿಲ್ಲ. ಲೆಕ್ಕದ ಮಾತಾಗಿ ಕೇಳಿಸಿತು. ಮೇಲಾಗಿ ಮುದುಕಿ ಹೆಚ್ಚಾಗ್ಯಾವ ಎಂದದ್ದನ್ನು ಪೇದೆ ನಿಯಮದಂತೆ ಚಿಕ್ಕದು ಮಾಡಿ ಹೆಚ್ಚು ಎಂದಿದ್ದ. ಇದ್ದ ಬಾಲವೂ ಕತ್ತರಿಸಿ ಹೋಗಿತ್ತು.

ನಾನು ಮುಂಡರಗಿಯ ಅಕ್ಕಿಯನ್ನು ಇಲ್ಲ ಎಂದು ತಿದ್ದಿದೆ. ಉಪ್ಪನ್ನೂ ತಿದ್ದಿದೆ. ಪರದೆಯ ಮೇಲೆ ಸಾಲುಗಳು ಓಡಿದವು. ಮುಂಡರಗಿಯ ಏಜೆಂಟ್ ಎಚ್ಚೆತ್ತು ಲಾರಿ ಕೇಳಿತು. ಲಕ್ಷ್ಮೇಶ್ವರದ ಏಜೆಂಟ್ ಕೊಡುವುದಿಲ್ಲ ಎಂದಿತು. ಮತ್ತೆ ಕೇಳಿತು, ಮತ್ತೆ ಕೊಡುವುದಿಲ್ಲ ಎಂದಿತು. ಯಾಕೆ ಎಂದು ಹೊಡೆದೆ. ಒಮ್ಮೆ ಹೊರಟ ಸಾಮಾನನ್ನು ನಡುದಾರಿಯಿಂದ ಹಿಂದಕ್ಕೆ ಕರೆಯಬಾರದು ಎಂಬ ನಿಯಮ ತೋರಿಸಿತು.

"ಇದು ಸೈನ್ಯದವರು ಹಾಕಿಸಿದ್ದು. ನಾನು ತೆಗೆಯದೆ ಬಿಟ್ಟಿದ್ದೆ," ಎಂದರು ಅಕ್ಕಾರು.

"ಅದು ತಪ್ಪಲ್ರಿ," ಎಂದರು ಸುಭೇದಾರರು. "ಫೌಜಿನಾಗ ನಾ ಕಂಡೀನಿ. ಒಬ್ಬ ಆಫೀಸರ್ ಮುಂದ ಹೋಗು ಅಂದ, ಇನ್ನೊಬ್ಬ ಹಿಂದ ತಿರುಗು ಅಂದ. ಕಡೀಕ ಎರಡೂ ಕಡಿ ಮಂದಿ ಉಪಾಸ ಬಿದ್ರು. ಅದಕ್ಕ ಆ ಕಾಯ್ದೆ."

"ಹಾಗಾದ್ರೆ ಲಾರಿ ಹೋಗಲಿ ಅಂತೀರಾ?"

"ಹಂಗ ಅನ್ನಲಿಲ್ಲ. ಸುಮ್ಮನ ಹಾಕಿದ ಕಾಯ್ದೆ ಅಲ್ಲ ಅಂದೆ."

ಮುಂಡರಗಿಯ ದಾರಿಯಲ್ಲಿ ಒಂದು ಹಳ್ಳವಿದೆ. ಅದರ ಮೇಲಿನ ಸೇತುವೆ ತಗ್ಗಿನದು. ನೀರು ಏರುತ್ತಿದೆ, ಸಂಜೆಯ ಹೊತ್ತಿಗೆ ದಾರಿ ಕಟ್ಟಬಹುದು ಎಂದು ಬೆಳಿಗ್ಗೆಯೇ ಖಬರು ಬಂದಿತ್ತು. ಲಾರಿ ಲಕ್ಷ್ಮೇಶ್ವರ ಮುಟ್ಟಿ, ಇಳಿಸಿ, ಗದಗಿಗೆ ಬಂದು ಮತ್ತೆ ಹೇರಿಕೊಂಡು ಹೊರಡುವಷ್ಟರಲ್ಲಿ ಹಳ್ಳ ಬಿಡುವುದಿಲ್ಲ. ಹೊರಗೆ ಜನರೇಟರ್ ಬಡಿದುಕೊಳ್ಳುತ್ತಿತ್ತು. ಅಕ್ಕಾರು ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು, ಆದರೆ ಏನೂ ಹೊಡೆಯಲಿಲ್ಲ. ಆ ನಿಯಮವನ್ನು ಕಿತ್ತರೂ ಪರೀಕ್ಷೆ ಮುಗಿಯುತ್ತಿತ್ತು, ಯಂತ್ರವನ್ನು ಬಿಟ್ಟು ನಡೆದರೂ ಮುಗಿಯುತ್ತಿತ್ತು. ಅವರು ಎರಡು ವರ್ಷ ಅದಕ್ಕಾಗಿ ದುಡಿದಿದ್ದರೆಂದು ನಮಗೆ ಗೊತ್ತಿತ್ತು.

ಕೊನೆಗೆ ಕೀಲಿಮಣೆಯನ್ನು ನನ್ನ ಕಡೆ ತಳ್ಳಿದರು.

"ಏಜೆಂಟ್‌ನ ಕೇಳಿದ್ದು ಸಾಕು. ಲಕ್ಷ್ಮೇಶ್ವರದವರನ್ನೇ ಕೇಳಿ, ಸುಭೇದಾರ್ರೇ. ಕಡಿಮೆ ಅಂದ್ರೆ ಎಷ್ಟು ಕಡಿಮೆ ಅಂತ ಕೇಳಿ. ಅವರು ಒಪ್ಪಿದ್ರೆ ಲಾರಿ ತಿರುಗಿಸೋಣ. ಕೈ ಹಾಕಿದ್ದು ನಾನು ಅಂತ ಬರ್ಕೋತೀನಿ."

ಲಕ್ಷ್ಮೇಶ್ವರದ ಶಾಲೆಯ ಉಸ್ತುವಾರಿ ಅಲ್ಲಿಯ ಒಬ್ಬ ಕಿರಾಣಿ ವ್ಯಾಪಾರಿಯದು. ಸುಭೇದಾರರು ಅವರನ್ನೇ ಸೆಟ್ಟಿಗೆ ಕರೆಸಿದರು.

"ಶೆಟ್ರ, ಅಕ್ಕಿ ಕಡಿಮಿ ಅಂದೀರಿ. ಎಷ್ಟ ಕಡಿಮಿ?"

"ಇವತ್ತಿಂದು ಚಿಂತಿಲ್ರಿ. ನಾಳಿ ಸಂಜಿಗಿ ಬೇಕಾಗತಾವ. ಯಾಕ್ರಿ?"

"ಮುಂಡರಗ್ಯಾಗ ಈಗ ಬರೇ ಎಸರಿಟ್ಟು ಕುಂತಾರ. ನಿಮ್ಮ ಕಡಿ ಹೊಂಟ ಲಾರಿ ಅತ್ತ ತಿರುಗಿಸಲೇನು?"

"ಇದನ್ನೂ ಕೇಳಬೇಕೇನ್ರಿ ಸುಭೇದಾರ್ರ? ಇದ ಊರಾಗ ಹುಟ್ಟಿ ನಮ್ಮ ಮಂದೀನ ಮರತ್ರೇನು? ಜಲ್ದಿ ತಿರುಗಿಸ್ರಿ. ನಾಳಿಂದು ನಾ ನೋಡ್ಕೋತೀನಿ."

ಲಾರಿಯಲ್ಲಿ ವೈರ್‌ಲೆಸ್ ಇರಲಿಲ್ಲ. ಅದು ಶಿರಹಟ್ಟಿ ದಾಟುವ ಮೊದಲು ಅಲ್ಲಿಯವರು ಅಡ್ಡ ನಿಂತು ಹಿಡಿಯಬೇಕು. ಶಿರಹಟ್ಟಿಗೆ ಹೇಳಿ ಕಾದೆವು. ಸೊರಟೂರು ದಾಟಿರಬೇಕು ಎಂದರು ಸುಭೇದಾರರು. ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತನ್ನು ಮತ್ತೆ ಹೇಳಿದರು. ಆಮೇಲೆ ಶಿರಹಟ್ಟಿಯ ಸೆಟ್ಟಿನಿಂದ ಡ್ರೈವರನ ದನಿಯೇ ಬಂತು.

"ಒಬ್ರು ಹೋಗು ಅಂತೀರಿ, ಒಬ್ರು ತಿರುಗು ಅಂತೀರಿ. ನನ್ನ ಏನು ಗಾಣದ ಎತ್ತು ಮಾಡೀರೇನ್ರಿ?"

"ಮುಂಡರಗಿ ಹಳ್ಳ ಏರಾಕತ್ತೈತಿ, ತಮ್ಮಾ. ಬಯ್ಯೋದು ಬಂದ ಮ್ಯಾಲ ಬಯ್ಯಿ. ಈಗ ಗಾಡಿ ತಿರುಗಿಸು."

"ಆತ್ರಿ. ಬರ್ತೀನಿ ಮತ್ತ."

ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಅವನು ಉದ್ದಕ್ಕೆ ಹಾರ್ನ್ ಬಾರಿಸಿದ. ಅದೂ ಬೈಗುಳದ ಲೆಕ್ಕದ್ದೇ. ಹಮಾಲರು ಎರಡು ಚೀಲ ಉಪ್ಪು ಮೇಲಕ್ಕೆ ಎಸೆದರು, ಲಾರಿ ಪೂರ್ತಿ ನಿಲ್ಲಲೂ ಇಲ್ಲ.

ಅದರ ಮುಂದಿನದನ್ನು ನಾವು ಕೇಳಿ ತಿಳಿದದ್ದು. ಹಳ್ಳದ ಸೇತುವೆಯ ಮೇಲೆ ಆಗಲೇ ನೀರು ಹರಿಯುತ್ತಿತ್ತಂತೆ, ದಾರಿಯ ಅಂಚು ಕಾಣುತ್ತಿರಲಿಲ್ಲವಂತೆ. ಕ್ಲೀನರ್ ಕೆಳಗಿಳಿದು, ಕೋಲಿನಿಂದ ತಳ ಮುಟ್ಟಿ ನೋಡುತ್ತ ಮುಂದೆ ನಡೆದ. ಡ್ರೈವರ್ ಅವನ ಬೆನ್ನು ನೋಡಿಕೊಂಡು ಗಾಡಿ ದಾಟಿಸಿದ. ಕತ್ತಲಾಗುವ ಮೊದಲು ಆ ದಾರಿ ಕಟ್ಟಿತು, ಮರುದಿನವೂ ತೆರೆಯಲಿಲ್ಲ.

ಮುಂಡರಗಿಯ ಪೇದೆ ಕರೆದಾಗ ಇನ್ನೂ ಬೆಳಕಿತ್ತು.

"ಬಂತ್ರಿ ಸಾಹೇಬ್ರ. ಅಕ್ಕಿ ಎಸರಿಗಿ ಬಿತ್ತು. ಆಯಿ ಹೇಳಾಕತ್ತಾಳ, ಬೈದದ್ದು ಹೊಟ್ಟ್ಯಾಗ ಹಾಕ್ಕೋ ಅಂತ ಗದಗಿನಾಂವಗ ಹೇಳು ಅಂತ."

ಮಧ್ಯಾಹ್ನದ ಊಟ ಅಲ್ಲಿ ಸಂಜೆಗೆ ಆಯಿತು. ಚಿಕ್ಕ ಮಕ್ಕಳಿಗೆ ಅಷ್ಟರವರೆಗೆ ಅಕ್ಕಪಕ್ಕದ ಓಣಿಯವರು ರೊಟ್ಟಿ ತಂದು ಕೊಟ್ಟಿದ್ದರು.

ಅಕ್ಕಾರು ಷರತ್ತು ಮುರಿದದ್ದನ್ನು ತಾವೇ ಮೇಲಿನ ಸಾಹೇಬರಿಗೆ ತಿಳಿಸಿದರು. ಪರೀಕ್ಷೆ ಮುಗಿದ ಲೆಕ್ಕ, ಆದರೆ ಬೇರೆ ವ್ಯವಸ್ಥೆ ಇಲ್ಲದ್ದರಿಂದ ನೀರು ಇಳಿಯುವವರೆಗೆ ಯಂತ್ರ ನಡೆಯಲಿ ಎಂದು ಅವರು ಹೇಳಿ ಕಳಿಸಿದರು. ನಾವು ಆ ನಾಲ್ಕು ಮಾತುಗಳನ್ನು ಮತ್ತೆ ಹರವಿಕೊಂಡು ಕೂತೆವು. ಹೆಚ್ಚು ಎಂಬುದನ್ನು ತೆಗೆದು ಉಳಿದಾವ ಎಂದು ಇಡಬಹುದೆಂದು ನಾನು ಹೇಳಿದೆ. ಅದು ಸರಿ, ಆದರೆ ಮುಗಿದರೆ ಆ ಮುದುಕಿ ಏನನ್ನುತ್ತಾಳೆ ಎಂದು ಸುಭೇದಾರರು ಕೇಳಿದರು. ಇಲ್ಲ ಎಂದು ಹೇಳಲೇಬೇಕೆಂದು ಕಟ್ಟಪ್ಪಣೆ ಮಾಡಬಹುದಿತ್ತು. ಆಕೆ ಹೇಳುತ್ತಿರಲಿಲ್ಲ ಎಂಬುದರಲ್ಲಿ ನಮಗೆ ಸಂಶಯವಿರಲಿಲ್ಲ.

"ಇದೆಯಾ ಅಂತ ನಾವು ಕೇಳೋದೇ ಬೇಡ," ಎಂದರು ಅಕ್ಕಾರು. "ಎಷ್ಟು ತರಬೇಕು ಅಂತ ಕೇಳೋಣ."

ಪ್ರೋಗ್ರಾಂನಲ್ಲಿ ಅದು ಸಣ್ಣ ಬದಲಾವಣೆಯಾಗಿರಲಿಲ್ಲ. ಏಜೆಂಟರೆಲ್ಲ ತಮ್ಮಲ್ಲಿ ಏನಿದೆ ಎಂಬುದರಿಂದ ಲೆಕ್ಕ ಹೊರಡಿಸುತ್ತಿದ್ದರು, ಈಗ ಏನು ತರಬೇಕು ಎಂಬುದರಿಂದ ಹೊರಡಿಸಬೇಕಾಯಿತು. ಅಕ್ಕಾರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ನನ್ನ ವೇಗ ಕಂಡು ಅವರಿಗೆ ನಡುನಡುವೆ ತಾಳ್ಮೆ ತಪ್ಪಿದ್ದುಂಟು, ಆದರೆ ಕೀಲಿಮಣೆ ಕಸಿದುಕೊಳ್ಳಲಿಲ್ಲ. ಅದೇ ಸಮಯಕ್ಕೆ ಹೊರಟ ಲಾರಿಯ ನಿಯಮವನ್ನೂ ತಿದ್ದಿದರು. ತೆಗೆದುಹಾಕಲಿಲ್ಲ. ಹಿಂದಕ್ಕೆ ಕರೆಯುವ ಮೊದಲು, ಅದು ಯಾವ ಊರಿಗೆ ಹೊರಟಿದೆಯೋ ಅಲ್ಲಿಯ ಮನುಷ್ಯರನ್ನು ಕೇಳಬೇಕು ಎಂದು ಸೇರಿಸಿದರು.

ಮರುದಿನ ಸುಭೇದಾರರು ಮುದುಕಿಯನ್ನೇ ನೇರವಾಗಿ ಕೇಳಿದರು.

"ಎಷ್ಟು ತರಬೇಕು, ಆಯಿ?"

"ಅಕ್ಕಿ ಏನೂ ತರಬ್ಯಾಡ. ನಾಡದಿಗಿ ಎರಡು ಚೀಲ ತಾ. ಬ್ಯಾಳಿ ಇವತ್ತ ಬೇಕು." ಹಿಂದೆಯೇ ಆಕೆ ಸೇರಿಸಿದಳು. "ಹಿಂಗ ಕೇಳು. ಈಗ ಶಾಣ್ಯಾ ಆದಿ ನೋಡು."

ದಾರಿ ಕಟ್ಟಿದ್ದರಿಂದ ಆ ಬೇಳೆಯನ್ನು ಮುಂಡರಗಿ ಪೇಟೆಯಲ್ಲೇ ಹೊಂದಿಸಿದರು. ನೀರು ಇಳಿದು ಶಾಲೆಗಳು ಖಾಲಿಯಾಗುವವರೆಗೆ ಲಾರಿ ಇನ್ನೊಮ್ಮೆ ತಪ್ಪು ದಾರಿ ಹಿಡಿಯಲಿಲ್ಲ.

ಅಕ್ಕಾರನ್ನು ಕರೆದೊಯ್ಯಲು ಜೀಪು ಬಂದ ದಿನ ಅವರು ತಮ್ಮ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿದರು. ಕಂಪ್ಯೂಟರ್ ಮಾತ್ರ ಮರುದಿನ ಲಾರಿಯಲ್ಲಿ ಹೋಗುವುದಿತ್ತು. ಅವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಬರ್ತೀನಿ, ಸುಭೇದಾರ್ರೇ. ಬರ್ತೀನಿ," ಎಂದರು.

"ಈ ಮಾತು ಯಂತ್ರದ ಮುಂದ ಆಡಬ್ಯಾಡ್ರಿ ಅಕ್ಕಾರ," ಎಂದರು ಸುಭೇದಾರರು. "ನಾಳಿ ಮುಂಜಾನೆ ನಿಮ್ಮ ಪಾಲಿನ ಅಕ್ಕಿ ತಗದಿಟ್ಟೀತು."

ಎಲ್ಲರೂ ನಕ್ಕೆವು. ಜೀಪು ಹೊರಟಿತು.

ನಾನು ಕೊನೆಯ ಸಲ ಯಂತ್ರದ ಮುಂದೆ ಕೂತೆ. ಒಳಗಿದ್ದ ಎಲ್ಲ ಗಾಡಿಗಳ ಸಾಲನ್ನೂ ಮುಗಿಸಿ ಯಂತ್ರ ಆರಿಸುವುದು ನನ್ನ ಕೆಲಸ. ಲಾರಿಯದು ಮುಗಿಸಿದೆ. ಅಕ್ಕಾರ ಜೀಪಿನ ಸಾಲು ಉಳಿದಿತ್ತು. ಗಾಡಿಗಳಿಗೆ ಯಂತ್ರ ಒಪ್ಪುತ್ತಿದ್ದದ್ದು ಎರಡೇ ಮಾತು, ಹೋಯಿತು ಅಥವಾ ಬರುತ್ತಿದೆ. ಯಾವ ಊರಿನ ಅನ್ನವೂ ಆಗ ಅದರ ಮೇಲೆ ನಿಂತಿರಲಿಲ್ಲ. ಹೋಯಿತು ಎಂಬುದರ ಅಕ್ಷರದ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಇನ್ನೊಂದನ್ನು ಹುಡುಕಿ ಒತ್ತಿದೆ, ಪರದೆಯ ಮೇಲೆ ಅದು ಬಂದದ್ದನ್ನು ನೋಡಿದೆ, ಆಮೇಲೆ ಸ್ವಿಚ್ ಆರಿಸಿದೆ.